ಸವತಿಯ ಪಿಸ್ತೂಲು

ಆ ದೀಪ ಸ್ವಲ್ಪ ಸಣ್ಣ ಮಾಡಿ. ಬಾಗಿಲಿಗೆ ಬೆನ್ನು ಹಾಕಿ ಕೂತವರು ಈಚೆ ಸರಿದು ಕೂತುಕೊಳ್ಳಿ... ಇದು ಪಶ್ಚಿಮ ಟೆಕ್ಸಾಸಿನ ಹತ್ತಿ ಸೀಮೆಯಲ್ಲಿ, ನಮ್ಮ ಬೇಲಿಯಾಚೆಯ ಮನೆಯ ರೆಟ್ಟಾ ಟಿಡ್‌ವೆಲ್‌ಗೆ ಆದದ್ದು. ಅವಳ ಬಾಯಿಂದಲೇ ಬಂದದ್ದು.

ನವೆಂಬರ್ ತಿಂಗಳು. ಅರ್ಧರಾತ್ರಿ ದಾಟಿತ್ತು. ರೆಟ್ಟಾ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಮುಳ್ಳುತಂತಿಯ ನಡುವೆ ಬಗ್ಗಿ ನುಸುಳಿ, ಜಾಲಿ ಗಿಡಗಳ ಸಂದಿನಲ್ಲಿ ನಡೆದು ಹೋಗುತ್ತಿದ್ದಳು. ಮುಂದೆ ದನಗಳು ನೀರು ಕುಡಿಯುವ ಕುಂಟೆ. ಕುಂಟೆಯ ದಡದಲ್ಲಿ ಹಳೇ ಗಾಳಿಯಂತ್ರವೊಂದು ತನ್ನ ಪಾಡಿಗೆ ತಿರುಗುತ್ತಿತ್ತು. ಕಿರ್ರ್... ಟಕ್. ಕಿರ್ರ್... ಟಕ್. ಅವಳ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ಬಟ್ಟೆಯೊಳಗೆ ಪಿಸ್ತೂಲು.

ಯಾರನ್ನೋ ಕೊಲ್ಲಲು ಹೊರಟಳು ಅಂದುಕೊಳ್ಳಬೇಡಿ. ಆ ಪಿಸ್ತೂಲನ್ನೇ ನೀರಿಗೆ ಹಾಕಿ ಬರಲು ಹೊರಟಿದ್ದಳು.

ಆ ಸೀಮೆಯಲ್ಲಿ ಗಾಡಿಯೊಳಗೆ ಗನ್ ಇಡಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಎಲ್ಲಿ ಇಡಬೇಕು ಎಂಬುದಕ್ಕೆ ಮಾತ್ರ ಜಗಳ. ಬಾಗಿಲ ಜೇಬಿನಲ್ಲಿ ಎಂದು ಒಬ್ಬರು, ಸೀಟಿನ ಕೆಳಗೆ ಎಂದು ಒಬ್ಬರು, ಎರಡು ಸೀಟುಗಳ ನಡುವಿನ ಡಬ್ಬದಲ್ಲಿ ಎಂದು ಮತ್ತೊಬ್ಬರು. ಭಾನುವಾರ ಚರ್ಚು ಮುಗಿಸಿ ಬಂದು, ಪೀಚ್ ಹಣ್ಣಿನ ಸಿಹಿ ತಿನ್ನುತ್ತಾ, ಹಿರಿಯರೆಲ್ಲ ಈ ಮಾತು ಆಡುವುದನ್ನು ಕೇಳಿದರೆ ಮಗುವಿಗೆ ಹೆಸರು ಹುಡುಕುತ್ತಿದ್ದಾರೇನೋ ಅನ್ನಿಸಬೇಕು, ಹಾಗಿರುತ್ತದೆ.

ರೆಟ್ಟಾ ಕೆಲಸ ಮಾಡುತ್ತಿದ್ದದ್ದು ಹತ್ತಿ ಜಿನ್ನಿಂಗ್ ಮಿಲ್ಲಿನ ತೂಕದ ಕಟ್ಟೆಯಲ್ಲಿ. ಸುಗ್ಗಿಯಲ್ಲಿ ಮಿಲ್ಲು ರಾತ್ರಿಯೂ ನಿಲ್ಲುವುದಿಲ್ಲ. ಕೆಲಸ ಮುಗಿಸಿ ಮನೆಗೆ ಬರಬೇಕೆಂದರೆ ಒಂದು ಗಂಟೆ ಹೊತ್ತು ಕತ್ತಲು. ನಡುವೆ ಊರಿಲ್ಲ, ದೀಪವಿಲ್ಲ, ಫೋನ್ ಹಿಡಿಯುವುದಿಲ್ಲ. ಲಾರಿಯಿಂದ ಹಾರಿದ ಅರಳೆ ಮಾತ್ರ ಉದ್ದಕ್ಕೂ ಬೇಲಿಗೆ ಸಿಕ್ಕಿಕೊಂಡು ಅಲುಗುತ್ತಿರುತ್ತದೆ.

"ಗನ್ ಇಲ್ದೆ ಆ ರಸ್ತೇಲಿ ಓಡಾಡ್ತೀಯೇನೇ?" ಎಂದು ಗಂಡನ ಅಕ್ಕ ಮೊಝೆಲ್ ಬೆನ್ನು ಬಿದ್ದಿದ್ದಳು. "ಟೈರು ಪಂಕ್ಚರ್ ಆದ್ರೆ ಏನ್ಮಾಡ್ತೀಯಾ?"

"ಟೈರ್ ಬದಲಾಯಿಸ್ತೀನಿ, ಅತ್ತಿಗೆ."

"ಯಾವನೋ ಕೆಟ್ಟೋನು ಬಂದ್ರೆ?"

"ಅವನ ಕೈಲೇ ಹಾಕಿಸ್ತೀನಿ."

"ತಮಾಷೆ ಬೇಡ ಕಣೇ. ಹೋದ ತಿಂಗಳು ಅಂಚೆ ಕಚೇರಿಯವಳ ಹಿಂದೆ ಲೈಟ್ ಆರಿಸ್ಕೊಂಡು ಒಂದು ಕಾರು ಬಂತಲ್ಲ, ಮನೆ ಗೇಟ್‌ವರೆಗೂ?"

ರೆಟ್ಟಾಳ ಹತ್ತಿರವೂ ಉತ್ತರವಿತ್ತು. "ನನ್ನ ಸಿಟ್ಟು ನನಗೆ ಗೊತ್ತು ಅತ್ತಿಗೆ. ಕೈಗೆ ಸಿಗೋ ಹಾಗೆ ಗನ್ ಇದ್ರೆ ಒಂದಿನ ಹಾರಿಸೇಬಿಡ್ತೀನಿ. ಆಮೇಲೆ ನೋಡಿದ್ರೆ ಅವನು ಪಾಪ, ದಾರಿ ಕೇಳಕ್ಕೆ ಬಂದಿರ್ತಾನೆ."

ಒಳ್ಳೆಯ ಉತ್ತರವೇ. ಸುಳ್ಳೂ ಅಲ್ಲ. ಆದರೆ ಹೊಟ್ಟೆಯೊಳಗಿನ ಕಾರಣ ಬೇರೆ. ಗಂಡ ಕೊಯ್ ಅವಳ ಗಾಡಿಯಲ್ಲಿ ಇಟ್ಟಿದ್ದ ಪಿಸ್ತೂಲು ನೆಲ್ಡಾಳದ್ದು.

ನೆಲ್ಡಾ ಅಂದರೆ ಕೊಯ್‌ನ ಮೊದಲ ಹೆಂಡತಿ. ಕ್ಯಾನ್ಸರ್ ಬಂದು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತೀರಿಕೊಂಡಿದ್ದಳು ಅಷ್ಟೇ, ಮನೆ ಬಿಟ್ಟಿರಲಿಲ್ಲ. ಅಡುಗೆಮನೆಯ ಹಳದಿ ಪರದೆ ಅವಳು ಹೊಲಿದದ್ದು. ಕಬ್ಬಿಣದ ಬಾಣಲೆ ಅವಳದು. ರೆಟ್ಟಾ ಓಡಿಸುವ, ಹಿಂದೆ ಇಕ್ಕಟ್ಟಾದ ಸೀಟೊಂದಿರುವ ಪಿಕಪ್ಪು ಗಾಡಿಯೂ ಅವಳದು. ಊಟಕ್ಕೆ ಯಾರಾದರೂ ಬಂದರೆ ಅವಳ ಕತೆಯೂ ಬಂದು ಕೂರುತ್ತಿತ್ತು.

"ಇದೇ ರಸ್ತೇಲಿ ಇಬ್ಬರು ಗಂಡಸರು ಅಡ್ಡ ಹಾಕಿದ್ರಂತೆ," ಎಂದು ಕೊಯ್ ಶುರು ಮಾಡುತ್ತಿದ್ದ. "ನೆಲ್ಡಾ ಕೂಗಲಿಲ್ಲ, ಅಳಲಿಲ್ಲ. ಪಿಸ್ತೂಲು ತೆಗೆದು ತೊಡೆ ಮೇಲಿಟ್ಕೊಂಡು ಸುಮ್ನೆ ಕೂತ್ಳು. ಗುಂಡೂ ಹಾರಿಸಲಿಲ್ಲ. ಅವಳ ಮುಖ ನೋಡೇ ಓಡಿಹೋದ್ರು!"

ಪ್ರತಿ ಸಲವೂ ಅವನ ಕಣ್ಣಲ್ಲಿ ಒಂದು ಹೊಳಪು. ಪ್ರತಿ ಸಲವೂ ರೆಟ್ಟಾ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಬದುಕಿರುವ ಸವತಿಯ ಜೊತೆ ಜುಟ್ಟು ಹಿಡಿದು ಜಗಳವಾಡಬಹುದು. ಅವಳಿಗೂ ವಯಸ್ಸಾಗುತ್ತದೆ, ಮೈ ಬರುತ್ತದೆ, ಸಾರಿಗೆ ಉಪ್ಪು ಹೆಚ್ಚಾಗುತ್ತದೆ. ಸತ್ತವಳಿಗೆ ಇದ್ಯಾವುದೂ ಆಗುವುದಿಲ್ಲ.

ಆ ದಿನ ಸಂಜೆ ರೆಟ್ಟಾ ಕೆಲಸಕ್ಕೆ ಹೊರಟಾಗ ಕೊಯ್ ಗಾಡಿಯವರೆಗೂ ಬಂದ. ಮುತ್ತು ಕೊಡಲು ಬಂದ ಅಂದುಕೊಂಡು ಅವಳು ಗಾಜು ಇಳಿಸಿದಳು. ಅವನು ಒಳಗೆ ಕೈ ಹಾಕಿ, ಡಬ್ಬದ ಮುಚ್ಚಳ ತೆಗೆದು, ಪಿಸ್ತೂಲು ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸಿದ. ಅದರ ಮರದ ಹಿಡಿಯಲ್ಲಿ ನೆಲ್ಡಾಳ ಹೆಬ್ಬೆರಳು ವರ್ಷಗಟ್ಟಲೆ ಕೂತು ಸವೆದ ಒಂದು ಸಣ್ಣ ಗುಳಿಯಿತ್ತು. ಕೊಯ್‌ನ ಹೆಬ್ಬೆರಳು ಆ ಗುಳಿಗೆ ಹೋಯಿತು... ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ರೆಟ್ಟಾಳ ಕೆನ್ನೆಯ ಮೇಲೆ ಆ ಕೈ ಅಷ್ಟು ಹೊತ್ತು ನಿಂತದ್ದಿಲ್ಲ.

"ಹುಷಾರಾಗಿ ನೋಡ್ಕೊ," ಎಂದ.

ಯಾರನ್ನು ನೋಡಿಕೊಳ್ಳಬೇಕು ಎಂದು ಅವಳು ಕೇಳಲಿಲ್ಲ.

ಹೀಗೆ ಅವಳು ಕುಂಟೆಯ ದಡಕ್ಕೆ ಬಂದು ನಿಂತದ್ದು. ಬಟ್ಟೆ ಬಿಚ್ಚಿದಳು. ತೋಳು ಹಿಂದಕ್ಕೆ ಎಳೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದಳು.

ಗುಳುಂ.

"ಹೋಗು," ಎಂದು ಪಿಸುಗುಟ್ಟಿದಳು. "ಇನ್ನಾದ್ರೂ ಹೋಗು."

ನೀರಿನ ಮೇಲೆ ಬಳೆಯಂಥ ಅಲೆಗಳೆದ್ದು ಹರಡಿ ಅಡಗಿದವು. ಆಗ ಅವಳಿಗೆ ಒಂದು ತಿಳಿಯಿತು. ಗಾಳಿಯಂತ್ರದ ಸದ್ದು ಇರಲಿಲ್ಲ. ಕೂದಲು ಮುಖಕ್ಕೆ ಹೊಡೆಯುವಷ್ಟು ಗಾಳಿಯಿತ್ತು... ಯಂತ್ರ ಮಾತ್ರ ನಿಂತಿತ್ತು.

ಸರಸರನೆ ಬಂದು ಗಾಡಿ ಹತ್ತಿ ಹೊರಟಳು. ಎದೆ ಹಗುರವಾಗಿತ್ತು. ನಾಳೆ ಪರದೆಯನ್ನೂ ಕಿತ್ತು ಹಾಕುತ್ತೇನೆ ಅಂದುಕೊಂಡಳು. ಅಷ್ಟರಲ್ಲಿ...

ಟಿಣ್. ಟಿಣ್. ಟಿಣ್.

ಪಕ್ಕದ ಸೀಟಿನ ಬೆಲ್ಟ್ ಹಾಕಿಲ್ಲ ಎಂದು ಗಾಡಿ ಎಚ್ಚರಿಸುವ ಸದ್ದು. ಸೀಟಿನ ಮೇಲೆ ತೂಕ ಬಿದ್ದರೆ ಹಾಗೆ ಹೊಡೆದುಕೊಳ್ಳುತ್ತದೆ. ತನ್ನ ಚೀಲ ಇರಬೇಕು ಎಂದು ಒಂದು ಕೈಯಲ್ಲಿ ಅದನ್ನೆತ್ತಿ ಕೆಳಗಿಟ್ಟಳು.

ಟಿಣ್. ಟಿಣ್. ಟಿಣ್.

ಕೈಯಿಂದ ಸೀಟು ತಡವಿದಳು. ಖಾಲಿ. ತಣ್ಣಗಿತ್ತು. ಗಾಡಿ ಒಮ್ಮೆ ಹಳದಿ ಗೆರೆ ದಾಟಿತು, ಎಳೆದುಕೊಂಡಳು. ಮತ್ತೊಮ್ಮೆ ದಾಟಿತು. ಆಮೇಲೆ ಬೆಲ್ಟ್ ಎಳೆಯುವಾಗಿನ ಸೊರ್ರೆನ್ನುವ ಸದ್ದು... ಕ್ಲಿಕ್.

ಟಿಣ್ ಟಿಣ್ ನಿಂತಿತು.

ರೆಟ್ಟಾ ತಿರುಗಿ ನೋಡಲಿಲ್ಲ. ನೀವಾದರೂ ನೋಡುತ್ತಿರಲಿಲ್ಲ. ರಸ್ತೆಯ ಮೇಲೆ ಕಣ್ಣು ನೆಟ್ಟು ಓಡಿಸಿದಳು. ಹಿಂದಿನಿಂದ ಕೆಂಪು ನೀಲಿ ದೀಪ ಬಿದ್ದಾಗ ಅವಳಿಗೆ ಪೊಲೀಸನ ಮೇಲೆ ಪ್ರೀತಿಯೇ ಬಂತಂತೆ. ಸದ್ಯ, ಒಬ್ಬ ಮನುಷ್ಯ!

ಬದಿಗೆ ನಿಲ್ಲಿಸಿ, ಒಳದೀಪ ಹಾಕಿ, ಗಾಜು ಇಳಿಸಿ, ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡಳು. ಅಲ್ಲಿ ಎಲ್ಲರೂ ಹಾಗೇ ಮಾಡುವುದು. ಬಂದವನು ಎಸ್ಕಮಿಯಾ ಎಂಬ ಹೊಸ ಪೊಲೀಸ್. ಆ ಜಿಲ್ಲೆಗೆ ಬಂದು ತಿಂಗಳೂ ಆಗಿರಲಿಲ್ಲ. ನೆಲ್ಡಾ ಎಂಬವಳು ಇದ್ದಳು ಎಂಬುದೇ ಅವನಿಗೆ ಗೊತ್ತಿಲ್ಲ, ಇದು ನೆನಪಿರಲಿ.

"ಮೇಡಂ, ಗಾಡಿ ಗೆರೆ ದಾಟ್ತಿತ್ತು. ಕುಡಿದಿದೀರಾ?"

"ಇಲ್ಲ ಸಾರ್. ಮಿಲ್ಲಿಂದ ಬರ್ತಿದೀನಿ. ಕಾಫಿ ಬಿಟ್ರೆ ಏನಿಲ್ಲ."

"ಸರಿ. ಗಾಡೀಲಿ ಗನ್ ಇದೆಯಾ?"

"ಇಲ್ಲ ಸಾರ್." ಹೇಳುವಾಗ ಒಂದು ಹೆಮ್ಮೆ.

"ಇಲ್ವಾ?" ಅವನು ನಕ್ಕ. "ಈ ಜಿಲ್ಲೇಲಿ ಇಲ್ಲ ಅಂದೋರು ನೀವೇ ಮೊದಲು."

ಅವನ ಟಾರ್ಚಿನ ಬೆಳಕು ಅವಳನ್ನು ದಾಟಿ ಪಕ್ಕಕ್ಕೆ ಹೋಯಿತು... ನಿಂತಿತು. ನಗು ಅಲ್ಲೇ ತುಂಡಾಯಿತು. ಜಲ್ಲಿಯ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಹೋದ ಸದ್ದು. ಸೊಂಟದ ಗನ್ ಚೀಲದ ಗುಂಡಿ ಬಿಚ್ಚಿಕೊಂಡ ಸದ್ದು, ಟಪ್.

"ಮೇಡಂ, ನಿಮ್ಮ ಕೈ ಅಲ್ಲೇ ಇರ್ಲಿ."

"ಇದೆ ಸಾರ್."

"ಪಕ್ಕದಲ್ಲಿರೋ ಮೇಡಂ, ನಿಮಗೆ ಹೇಳ್ತಿದೀನಿ. ತೊಡೆ ಮೇಲಿರೋ ಗನ್ ಮುಟ್ಬೇಡಿ. ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲೆ ಇಡಿ. ನಿಧಾನಕ್ಕೆ."

ರೆಟ್ಟಾ ಕತ್ತು ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿದಳು. ಸೀಟು ಖಾಲಿ.

"ಸಾರ್, ಅಲ್ಲಿ ಯಾರೂ..."

"ನೀವು ಸುಮ್ನಿರಿ! ಮೇಡಂ, ಕೈ! ನಂಗೆ ನಿಮ್ಮ ಕೈ ಕಾಣಿಸ್ಬೇಕು!"

ಅವನ ಗನ್ ಹೊರಗೆ ಬಂದಿತ್ತು. ದನಿ ನಡುಗುತ್ತಿತ್ತು. ನಡುಗುವ ದನಿಯವನ ಕೈಯೂ ನಡುಗುತ್ತದೆ. ಅವನ ಗನ್ನಿಗೂ ಪಕ್ಕದ ಸೀಟಿಗೂ ನಡುವೆ ಇದ್ದದ್ದು ರೆಟ್ಟಾಳ ಕುತ್ತಿಗೆ.

ಆಗ ಅವಳು ತುಟಿ ಅಲ್ಲಾಡಿಸಿಯೂ ಅಲ್ಲಾಡಿಸದಂತೆ ಆ ಹೆಸರು ಹಿಡಿದು ಕರೆದಳು. ಆ ಮನೆ ಸೇರಿದ ಮೇಲೆ ಮೊದಲ ಸಲ.

"ನೆಲ್ಡಾ... ಕೈ ಮೇಲಿಡೇ."

ಏನೂ ಇಲ್ಲ.

"ಗಾಡಿ ನಿಂದು. ಆಯ್ತಾ? ಗನ್ನೂ ನಿಂದು. ಇನ್ನು ಮುಟ್ಟಲ್ಲ."

"ಕೊನೇ ಸಲ ಹೇಳ್ತಿದೀನಿ ಮೇಡಂ!" ಎಂದು ಪೊಲೀಸ್ ಕಿರುಚಿದ.

"ಅಡುಗೆಮನೆ ನಿಂದು. ಆ ಪರದೇನೂ ಇರ್ಲಿ, ಕೀಳಲ್ಲ. ಕೈ ಇಡು ನೆಲ್ಡಾ, ನಿನ್ನ ದಮ್ಮಯ್ಯ..."

ಏನೂ ಇಲ್ಲ. ಪಕ್ಕದಿಂದ ಕುಂಟೆಯ ಪಾಚಿಯ ವಾಸನೆ ಮಾತ್ರ ಬರುತ್ತಿತ್ತು. ಇನ್ನೊಂದು ಮಾತಿಗಾಗಿ ಕಾಯುತ್ತಿದ್ದಾಳೆ ಎಂದು ರೆಟ್ಟಾಳಿಗೆ ಗೊತ್ತಾಯಿತು. ಯಾವ ಮಾತು ಎಂಬುದೂ ಗೊತ್ತಾಯಿತು. ಗಂಟಲವರೆಗೆ ಬಂದದ್ದನ್ನು ನುಂಗಿದಳು. ಅದನ್ನು ಹೇಳುವುದಕ್ಕಿಂತ ಗುಂಡು ತಿನ್ನುವುದೇ ಮೇಲು ಅನ್ನಿಸಿತಂತೆ. ನನ್ನ ಎದುರು ಕೂತು, ಐಸ್ ಹಾಕಿದ ಚಹದ ಲೋಟ ಎರಡೂ ಕೈಯಲ್ಲಿ ಹಿಡಿದು, ಹಾಗೇ ಹೇಳಿದಳು.

ಪೊಲೀಸ್ ಉಸಿರು ಬಿಗಿಹಿಡಿದದ್ದು ಕೇಳಿಸಿತು.

"...ಅವನೂ ನಿನ್ನೋನೇ."

ಪಟ್... ಪಟ್. ಡ್ಯಾಶ್‌ಬೋರ್ಡಿನ ಮೇಲೆ ಎರಡು ಅಂಗೈ ಇಟ್ಟಂಥ ಮೆತ್ತನೆಯ ಸದ್ದು.

"ಥ್ಯಾಂಕ್ಯೂ ಮೇಡಂ," ಎಂದು ಎಸ್ಕಮಿಯಾ ಉಸಿರು ಬಿಟ್ಟ. "ಹಾಗೇ ಇರ್ಲಿ."

ಆಮೇಲೆ ಅವನು ಬುದ್ಧಿ ಹೇಳಿದ. ರಾತ್ರಿ ಹೊತ್ತು ಇಬ್ಬರು ಹೆಂಗಸರು ಈ ದಾರಿಯಲ್ಲಿ ಬರುವಾಗ ಗನ್ ಇಟ್ಟುಕೊಂಡರೆ ತಾನೂ ಬೇಡ ಅನ್ನುವುದಿಲ್ಲ, ಆದರೆ ಕೇಳಿದಾಗ ಇಲ್ಲ ಎಂದು ಹೇಳಬಾರದು, ಎಂಥೆಂಥದೋ ಆಗಿಬಿಡುತ್ತದೆ. ಎದುರಿಗಿರುವವನಿಗೂ ಹೆಂಡತಿ ಇರುತ್ತಾಳೆ. ರೆಟ್ಟಾ ಎಲ್ಲದಕ್ಕೂ ತಲೆಯಾಡಿಸಿದಳು.

"ಅಕ್ಕನಾ ಇವ್ರು?" ಎಂದು ಹೊರಡುವಾಗ ಕೇಳಿದ. "ತುಂಬಾ ಒದ್ದೆಯಾಗಿದಾರೆ, ಹೀಟರ್ ಹಾಕಿ."

"ಅಕ್ಕ ಅಲ್ಲ ಸಾರ್," ಎಂದಳು ರೆಟ್ಟಾ. "ನನ್ನ ಗಂಡನ ಹೆಂಡ್ತಿ."

ಅವನು ಟಾರ್ಚ್ ಆರಿಸಿದ. ಕೆಲವು ವಿಷಯ ಕೇಳದಿರುವುದೇ ಒಳ್ಳೆಯದು ಎಂಬುದು ಹೊಸ ಪೊಲೀಸನಿಗೂ ಗೊತ್ತಿರುತ್ತದೆ. ಟೋಪಿ ಮುಟ್ಟಿಕೊಂಡು ಹೊರಟುಹೋದ.

ರೆಟ್ಟಾ ಹೀಟರ್ ಹಾಕಿದಳು.

ಮನೆಯ ಮುಂದೆ ಕೊಯ್ ಎದ್ದು ಕೂತಿದ್ದ. ಗಾಡಿ ನಿಂತ ಕೂಡಲೇ ಮೆಟ್ಟಿಲಿಳಿದು ಬಂದವನು ಅವಳ ಕಡೆ ಬರಲಿಲ್ಲ. ಆ ಕಡೆಗೆ ಸುತ್ತಿಹೋಗಿ, ಪಕ್ಕದ ಸೀಟಿನ ಬಾಗಿಲು ತೆರೆದು, ಹಿಡಿದುಕೊಂಡು ನಿಂತ. ಸುಮಾರು ಹೊತ್ತು ನಿಂತ.

"ಏನ್ಮಾಡ್ತಿದೀಯಾ ಕೊಯ್?"

"ಗೊತ್ತಿಲ್ಲ ಕಣೇ," ಎಂದ ಅವನು, ನಿದ್ದೆಗಣ್ಣಿನವನಂತೆ. "ಕಾಲು ಈ ಕಡೆ ಬಂತು."

ಪಿಸ್ತೂಲು ಡಬ್ಬದಲ್ಲಿ ಮತ್ತೆ ಕಾಣಲಿಲ್ಲ. ಎಲ್ಲಿ ಹೋಯಿತು ಎಂದು ಕೊಯ್ ಒಂದು ಸಲವೂ ಕೇಳಲಿಲ್ಲ. ಈಗಲೂ ರೆಟ್ಟಾ ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುತ್ತಾಳೆ. ಗನ್ ಇಟ್ಕೊಂಡಿದೀಯೇನೇ ಎಂದು ಮೊಝೆಲ್ ಕೇಳಿದರೆ, "ನನ್ನ ಹತ್ರ ಇಲ್ಲ ಅತ್ತಿಗೆ," ಎನ್ನುತ್ತಾಳೆ. 'ನನ್ನ' ಎಂಬಲ್ಲಿ ಒಂದು ಚೂರು ಕಹಿ ಇರುತ್ತದೆ.

ನೀವು ನಗುತ್ತಿದ್ದೀರಿ. ನಗಿ. ನಾನು ಎಷ್ಟೋ ಊರು ಸುತ್ತಿದವಳು, ಎಷ್ಟೋ ಕತೆ ಕೇಳಿ ನಕ್ಕವಳು. ಆದರೆ ಇದೊಂದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಶನಿವಾರ ಅವರಿಬ್ಬರು ದಿನಸಿ ತರಲು ಬರುತ್ತಾರೆ. ಗಾಡಿ ಓಡಿಸುವವಳು ರೆಟ್ಟಾ. ಪಕ್ಕದ ಸೀಟು ಖಾಲಿ. ಕೊಯ್ ಆರಡಿ ಮೀರಿದ ಆಳು. ಮಂಡಿ ಗದ್ದಕ್ಕೆ ತಾಗುವಂತೆ ಮುದುರಿಕೊಂಡು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹಿಂದಿನ ಸೀಟಿನಲ್ಲಿ ಕೂತಿರುತ್ತಾನೆ.