ಅಂಗೈ ಉಜ್ಜುವ ಸಿಸ್ಟರು

ಗಾಯದ ಡ್ರೆಸ್ಸಿಂಗ್ ಬದಲಿಸಿಕೊಳ್ಳಲು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರು, ಪೇಪರನ್ನು ಮುಖಕ್ಕೆ ಮರೆ ಮಾಡಿಕೊಂಡು ಕಿವಿಯನ್ನು ಲಿಫ್ಟಿನ ಕಡೆಗೇ ಇಟ್ಟಿದ್ದರು. ಅಲ್ಲಿ ಇಬ್ಬರು ನರ್ಸುಗಳು ನಿಂತಿದ್ದರು. ಹಿರಿಯಳು ವಾರದ ರಜೆ ಮುಗಿಸಿ ಆಗಷ್ಟೇ ಬಂದವಳು.

“ಅಕ್ಕ, ನೀವಿಲ್ಲದಾಗ ಹೆಡ್ ಸಿಸ್ಟರ್ ಎಲ್ಲರೆದುರು ಒಂದು ಚೀಟಿ ಓದಿದ್ರು. ಯಾರೋ ಪೇಶೆಂಟ್ ಬರ್ದಿದ್ದು. ‘ಮುಟ್ಟೋ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಳ್ಳೋ ಸಿಸ್ಟರಿಗೆ ನಮಸ್ಕಾರ’ ಅಂತ.”

“ಹೆಸರು?”

“ಬರ್ದಿಲ್ಲ. ಅದಕ್ಕೇ ಒಬ್ಬೊಬ್ಬರೂ ‘ಅದು ನಾನೇ’ ಅಂತಾರೆ. ಈಗ ವಾರ್ಡಿನ ತುಂಬ ಕೈ ಉಜ್ಜೋದೇ ಉಜ್ಜೋದು.”

“ನಮ್ಮ ಸಿಡುಕಿ ಸಿಸ್ಟರೂನಾ?”

“ಅವಳದೇ ಜೋರು. ನಿನ್ನೆ ಆರನೇ ಬೆಡ್ಡಿನ ಅಜ್ಜಿ ಅವಳ ಕೈ ಹಿಡ್ಕೊಂಡು ಅರ್ಧ ಗಂಟೆ ಮಾತಾಡಿದ್ರು. ಇವಳು ಕೂತು ಕೇಳಿದ್ಲು.”

“ಪರವಾಗಿಲ್ವೇ.”

“ನಿಜಕ್ಕೂ ಯಾರಕ್ಕ ಅದು? ನೀವಾ?”

“ಇಪ್ಪತ್ತು ವರ್ಷದಿಂದ ಉಜ್ತಿದೀನಿ. ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಮಿಕ್ಕವರು ನಿಲ್ಲಿಸಿಬಿಡ್ತಾರೆ.”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು.

“ಅಂದಹಾಗೆ, ಆ ಚೀಟೀಲಿ ಏನಂತ ಬರ್ದಿದ್ರು? ಇನ್ನೊಂದ್ಸಲ ಹೇಳೇ.”

ಬಾಗಿಲು ಮುಚ್ಚಿತು. ಚೀಟಿ ಬರೆದಿದ್ದ ಮೇಷ್ಟ್ರು ಪೇಪರು ಕೆಳಗಿಟ್ಟು, ತಮ್ಮ ಅಂಗೈಗಳನ್ನು ಚೆನ್ನಾಗಿ ಉಜ್ಜಿಕೊಂಡರು.