ಮುನಿತಾಯಮ್ಮನ ಎದೆಪಟ್ಟಿ

ವಿಜಯಪುರದ ದನದ ಆಸ್ಪತ್ರೆಯ ಜಗಲಿಯಲ್ಲಿ ಕರು ಹಿಡಿದು ಕಾಯುತ್ತಿದ್ದ ಬೈರೇಶನ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಆಗಷ್ಟೇ ಡಾಕ್ಟರ ಕೋಣೆಯಿಂದ ಬಂದು ಕೂತ ಮುನಿತಾಯಮ್ಮನ ಮಡಿಲಲ್ಲಿ, ಹತ್ತಿಯುಂಡೆಗೆ ನರಿಮೂತಿ ಅಂಟಿಸಿದಂಥ ಪಾಮೇರಿಯನ್ ನಾಯಿಯಿತ್ತು. ಪಕ್ಕದ ಮನೆಯ ಜ್ಯೋತಿಲಕ್ಷ್ಮಿ ಜೊತೆಗೆ ಬಂದಿದ್ದಳು.

"ಬಾತುಕೋಳಿ ಥರ ಕೆಮ್ತಿತ್ತಲ್ಲಾ ಮುನಿತಾಯಕ್ಕ, ಏನಂತೆ?"

"ದೃಷ್ಟಿ ಆಗೈತೆ ಅಂತ ನನ್ ಸೊಸೆ ಕತ್ತಿನ ಬೆಲ್ಟಿನ ಮೇಲೆ ಕರಿದಾರನೂ ಬಿಗಿದಿದ್ಲು. ಎಳೆದಾಗ್ಲೆಲ್ಲ ಕೆಮ್ಮು ಜಾಸ್ತಿ. ಎಲ್ಲಾ ಕಿತ್ತಾಕಿ, ಹಗ್ಗ ಕಟ್ಟೋಕೆ ಹಳೇ ಸೀರೆ ಅಂಚಲ್ಲಿ ಎದೆಪಟ್ಟಿ ಹೊಲಿದೆ."

"ಅವಳು ಒಪ್ಪಿದ್ಲಾ?"

"ಎಲ್ಲೀದು! ಡಾಕ್ಟರು ಈ ಪಟ್ಟಿ ಬೇಡ ಅಂದ್ರೆ ಮತ್ತೆ ಬೆಲ್ಟೇ ಹಾಕ್ತೀನಿ ಅಂದ್ಲು."

"ಡಾಕ್ಟರು?"

"ಈ ಪುಟಾಣಿ ಜಾತಿಗೆ ಉಸಿರಿನ ಕೊಳವೆ ಬಲೇ ಮೆತ್ತಗಂತೆ. ಕತ್ತಿಗೆ ಏನೂ ಬಿಗೀಬಾರದಂತೆ. ನೀವು ಮಾಡಿದ್ದೇ ಸರಿ ಅಂದ್ರು."

"ಅಯ್ಯೋ, ಗೆದ್ದುಬಿಟ್ರಿ!"

"ಇನ್ನೂ ಕೇಳು. ಅವರ ಮನೆ ನಾಯಿಗೂ ಒಂದು ಹೊಲಿದುಕೊಡಿ ಅಂತ ಅಳತೆ ಬರ್ಕೊಟ್ಟವ್ರೆ!"

ಮುನಿತಾಯಮ್ಮ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ನೆಲಕ್ಕಿಳಿದ ನಾಯಿ ಬೈರೇಶನ ಕರುವಿನ ಮೇಲೆ ಬೊಗಳಲು ಶುರುಮಾಡಿ, ಗೇಟಿನವರೆಗೂ ನಿಲ್ಲಿಸಲಿಲ್ಲ. ನಡುವೆ ಒಂದೇ ಒಂದು ಕೆಮ್ಮಿಲ್ಲ.

"ಬೊಗಳು ಮಗ, ಇನ್ನೂ ಜೋರಾಗಿ ಬೊಗಳು," ಎಂದಳು ಮುನಿತಾಯಮ್ಮ. "ಮನೇಲಿರೋ ಸೊಸೆಗೂ ಕೇಳಿಸ್ಲಿ!"