ಕೌದಿ ಮ್ಯಾಲೆ ಬಂದ ಮಳೆ

ಹೂಂ ಅಂತೀರೇನ್ರಿ? ಹೂಂ ಅಂದ್ರ ಹೇಳ್ತೀನಿ, ಸುಮ್ಮನಿದ್ರ ನಾನೂ ಸುಮ್ಮನ. ಹೂಂ ಅಂದ್ರಿ? ಕೇಳ್ರಿ ಹಂಗಾರ.

ಹೆಸರಿಲ್ಲದ ಒಂದು ನಾಡು. ಅಲ್ಲಿ ಮೋಡ ಮಾಳಗಿಗೆ ತಾಗಿ ಹೋಗೋ ಒಂದು ಊರು. ಆ ಊರಾಗ ಗುರುಬಸ್ಯ, ಅವನ ಹೆಂಡತಿ ನಿಂಬೆವ್ವ, ಒಬ್ಬಳೇ ಮಗಳು ಹೂವಕ್ಕ. ಮಗಳು ಓದಬೇಕು ಅಂತ ಅಪ್ಪಗ ಆಸೆ. ಆಸೆ ತಪ್ಪಲ್ಲ. ಅವನ ಅವಸರ ಐತಲ್ಲ, ಅದಕ್ಕ ನನಗ ಸಿಟ್ಟು!

ಮುಂಜಾನೆ "ಓದು!" ಅಂತಿದ್ದ. ಮಧ್ಯಾಹ್ನ "ಓದು!" ಅಂತಿದ್ದ. ದೀಪ ಹಚ್ಚೋ ಹೊತ್ತಿಗೆ ಮತ್ತ "ಓದು!" ಕೂಸು ಏನು ಮಾಡೀತು? ಪುಸ್ತಕ ಕಂಡ ಕೂಡ್ಲೇ ಗಟ್ಟಿಯಾಗಿ ಕಣ್ಣು ಮುಚ್ಚಿಬಿಡ್ತಿತ್ತು.

ಒಂದಿನ ಗುರುಬಸ್ಯ ರೇಗಿದ. "ಹುಣ್ಣಿವಿ ತನಕ ನೋಡ್ತೀನಿ. ಓದಲಿಲ್ಲಂದ್ರ ಹೊಳಿ ಆಚೆ ಗುರುಮನ್ಯಾಗ ಬಿಟ್ಟು ಬರ್ತೀನಿ."

ನಿಂಬೆವ್ವನ ಎದಿ ಒಡೀತು. ಅವ್ವನ ಮಗ್ಗಲು ಬಿಟ್ಟು ಮಲಗದ ಕೂಸ್ರೀ ಅದು! ಆಕಿ ವಾದ ಮಾಡಲಿಲ್ಲ. ಹಳೇ ಸೀರಿ ಹರಿದು ಕೌದಿ ಹೊಲಿಯಾಕ ಕುಂತ್ಲು. ಕೆಂಪು ತುಂಡಿನ ಮ್ಯಾಲೆ ದಪ್ಪ ದಾರದಾಗ "ಅವ್ವ" ಅಂತ ಅಕ್ಷರ ಹೊಲಿದ್ಲು. ನೀಲಿ ಮ್ಯಾಲೆ "ಮಳೆ". ಹಸಿರಿನ ಮ್ಯಾಲೆ "ಗಿಣಿ". ಒಂದು ಮೂಲಿ ಮಾತ್ರ ಹೊಲಿಯದ ಬಿಟ್ಲು. ಕೌದಿ ಹಸಿದಿರಬಾರದು ಅಂತ ಕಡೀಗೆ ಅಲ್ಲಿ ರೊಟ್ಟಿ ಚೂರು ಇಟ್ಟು ಮುಚ್ಚೋದು ಆ ಊರಿನ ಪದ್ಧತಿ.

ಮಲಗೋ ಹೊತ್ತಿಗೆ ಮಗಳ ಬೆರಳು ಹಿಡಿದು ದಾರದ ಮ್ಯಾಲೆ ಮೆಲ್ಲಕ ಆಡಿಸಿದ್ಲು.

"ಕಣ್ಣು ಮುಚ್ಚೇ ಇರ್ಲಿ ನನ್ನವ್ವಾ. ಬೆರಳಿಗೆ ಏನು ಸಿಗ್ತು?"

"ಏನೋ ಬಳಕ್ತೈತಿ."

"ಅದು ಮಳೆ. ಈ ಸೀರಿ ಉಟ್ಟು ಮಳ್ಯಾಗ ತೊಯ್ದಿದ್ದೆ. ನೀ ನನ್ನ ಹೊಟ್ಟ್ಯಾಗಿದ್ದಿ."

"ಇನ್ನೊಮ್ಮೆ ಹೇಳು!"

ಹೇಳಿದ್ಲು. ಇನ್ನೊಮ್ಮೆ ಹೇಳಿದ್ಲು. ಮತ್ತೂ ಒಮ್ಮೆ ಹೇಳಿದ್ಲು. ದಿನಾ ಹಿಂಗ. ನಿದ್ದ್ಯಾಗ ನೀಲಿ ತುಂಡಿನಿಂದ ಮಳೆ ಸುರೀತಿತ್ತು, ಹಸಿರು ತುಂಡಿನಿಂದ ಗಿಣಿ ಹಾರಿ ಮೋಡದಾಗ ಕೂಡ್ತಿತ್ತು. ಕನಸೋ ಖರೇನೋ, ಯಾರು ಕಂಡಾರ? ಒಂದು ಮುಂಜಾನೆ ಆ ಗಿಣಿ ನೋಡೋ ಆಸೆಗೆ ಹೂವಕ್ಕ ತಾನಾಗೇ ಕಣ್ಣು ಬಿಟ್ಟು ಕೌದಿ ಮ್ಯಾಲಿನ ಅಕ್ಷರ ನೋಡಿದ್ಲು.

ಹುಣ್ಣಿವಿ ಬಂತು. ಗುರುಬಸ್ಯ ದಾರಿಗೆ ರೊಟ್ಟಿ ಬುತ್ತಿ ಕಟ್ಟಿಸಿಕೊಂಡು, ಪುಸ್ತಕ ಹಿಡಿದು ಬಂದ. ಬೆಳಕಿಂಡಿಯಿಂದ ಬೆಳದಿಂಗಳು ಕೌದಿ ಮ್ಯಾಲೆ ಬಿದ್ದಿತ್ತು. ಕೂಸು ಬೆರಳಾಡಿಸಿಕೋತ ತನ್ನಷ್ಟಕ್ಕ ತಾನು ಹೇಳ್ತಿತ್ತು, "ಅವ್ವ... ಮಳೆ... ಗಿಣಿ..."

ಅಪ್ಪ ಪುಸ್ತಕ ತೆರೆದ. ಕೂಸು ಕಣ್ಣು ಮುಚ್ಚಿತು. ಅವ "ಓದು" ಅನ್ನೋದು ಬಿಟ್ಟು, ತೆರೆದ ಪುಸ್ತಕ ಕೌದಿ ಮ್ಯಾಲೆ ಇಟ್ಟ. ಪಾಪ, ಅವನೂ ಅಪ್ಪನಲ್ಲೇನ್ರಿ? ಮೆಲ್ಲಕ ಬಂದು ಕೌದಿ ಅಂಚಿನಾಗ ಒರಗಿದ.

"ನನಗೂ ಒಂದು ಕಥಿ ಹೇಳವ್ವಾ."

ಹೂವಕ್ಕ ಒಂದು ಕಣ್ಣು ತೆರೆದ್ಲು. ಎರಡನೇದೂ ತೆರೆದ್ಲು. ಪುಸ್ತಕದಾಗ ಬೆರಳಿಟ್ಟು ಚೀರಿದ್ಲು, "ಅಪ್ಪಾ! ನಮ್ಮ ಮಳೆ ಇಲ್ಲೂ ಬಂದೈತಿ!"

ಗುರುಬಸ್ಯನ ಕಣ್ಣಾಗೂ ಬಂತು ನೋಡ್ರಿ ಮಳೆ. ನಿಂಬೆವ್ವ ಬುತ್ತಿ ಗಂಟು ಬಿಚ್ಚಿದ್ಲು. ದಾರಿಗಂತ ಕಟ್ಟಿದ್ದ ರೊಟ್ಟ್ಯಾಗ ಒಂದು ಚೂರು ಮುರಿದು, ಕೌದಿಯ ಮೂಲ್ಯಾಗ ಇಟ್ಟು ಹೊಲಿದುಬಿಟ್ಲು.

ಅವರ ಕೌದಿ ಅವರಿಗೆ ಬೆಚ್ಚಗಿರ್ಲಿ, ನನ್ನ ಕಥಿ ನಿಮಗ ಬೆಚ್ಚಗಿರ್ಲಿ. ಏಳ್ರಿ ಇನ್ನ, ಮನ್ಯಾಗ ಕೂಸುಗಳು ಕಾಯ್ತಿರ್ತಾವ.